ಮಕ್ಕಳ ಮೈದಾನಕ್ಕೆ ಹೊರಟ ಅಳಿಯನಿಗೆ

ಚಿರಂಜೀವಿ ಪುಟ್ಟನಿಗೆ,

ಕೋಪನ್‌ಹೇಗನ್‌ನಿಂದ ನಿನ್ನ ಮಾವನ ಆಶೀರ್ವಾದಗಳು.

ಭಾನುವಾರ ನಿಮ್ಮಮ್ಮ ಫೋನ್ ಮಾಡಿದ್ದಳು. ಮಂಡಿ ಆಪರೇಷನ್ ಆಗಿ ಎಂಟು ತಿಂಗಳಾಯಿತು, ಇನ್ನು ಫುಟ್‌ಬಾಲ್ ಲೀಗ್ ಆಟ ಬೇಡ ಅಂತ ಡಾಕ್ಟರು ಹೇಳಿದ್ದಾರೆ ಅಂದಳು. ಹತ್ತು ವರ್ಷದೊಳಗಿನ ಮಕ್ಕಳಿಗೆ ಕೋಚ್ ಆಗಿ ಬಾ ಅಂತ ನಿನ್ನನ್ನು ಕರೆದಿದ್ದಾರಂತೆ. ನೀನು ಇನ್ನೂ ಉತ್ತರ ಕೊಟ್ಟಿಲ್ಲವಂತೆ. "ಆಡೋಕಾಗದವನು ಮಕ್ಕಳನ್ನ ಓಡಿಸ್ತಾ ನಿಂತಿದ್ದಾನೆ ಅಂತಾರೆ" ಅಂದೆಯಂತೆ. ಆ ಮಾತು ನನಗೆ ರಾತ್ರಿಯೆಲ್ಲ ನಿದ್ದೆ ಕೊಡಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕಿಮ್ ವಿಲ್ಫೋರ್ಟ್ ಹೆಸರು ನೀನು ಕೇಳಿರಬೇಕು. ಯುರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿಯಾದ ಯುರೋ ಕಪ್‌ನ 1992ರ ಫೈನಲ್‌ನಲ್ಲಿ ಜರ್ಮನಿ ಮೇಲೆ ಡೆನ್ಮಾರ್ಕ್‌ನ ಎರಡನೇ ಗೋಲು ಹೊಡೆದವರು. ನಾನು ಆಗ ಈ ದೇಶಕ್ಕೆ ಬಂದು ಎರಡು ವರ್ಷ ಆಗಿತ್ತು. ಡೇನಿಶ್ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಪಕ್ಕದ ಮನೆಯವರು ಕರೆದು ಟಿವಿ ಮುಂದೆ ಕೂರಿಸಿಕೊಂಡಿದ್ದರು. ಡೆನ್ಮಾರ್ಕ್ ಆ ಟೂರ್ನಿಗೆ ಅರ್ಹತೆಯನ್ನೇ ಪಡೆದಿರಲಿಲ್ಲ, ಗೊತ್ತಾ? ಯುದ್ಧದ ಕಾರಣಕ್ಕೆ ಯುಗೊಸ್ಲಾವಿಯಾವನ್ನು ಹೊರಗಿಟ್ಟರು. ಕೊನೇ ಗಳಿಗೆಯಲ್ಲಿ ಇವರನ್ನು ಕರೆದರು. ಆಗ ಸುಮಾರು ಐವತ್ತು ಲಕ್ಷ ಜನರಿದ್ದ ಪುಟ್ಟ ದೇಶ ಡೆನ್ಮಾರ್ಕ್.

ಆದರೆ ನಾನು ನಿನಗೆ ಹೇಳಬೇಕಾದ್ದು ಕಪ್‌ನ ಕಥೆ ಅಲ್ಲ. ಆ ದಿನಗಳಲ್ಲಿ ವಿಲ್ಫೋರ್ಟ್ ಅವರ ಪುಟ್ಟ ಮಗಳಿಗೆ ರಕ್ತದ ಕ್ಯಾನ್ಸರ್ ಇತ್ತು. ಇಂಗ್ಲೆಂಡ್ ಜೊತೆ ಡ್ರಾ ಆಯಿತು, ಸ್ವೀಡನ್ ಎದುರು ಸೋತರು. ಫ್ರಾನ್ಸ್ ವಿರುದ್ಧ ಗೆಲ್ಲಲೇಬೇಕು. ಆ ಪಂದ್ಯವನ್ನು ಬಿಟ್ಟು ಅವರು ಮಗಳ ಹತ್ತಿರ ಮನೆಗೆ ಬಂದುಬಿಟ್ಟರು. ತಂಡ ಅವರಿಲ್ಲದೆ 2-1ರಲ್ಲಿ ಗೆದ್ದಿತು. ಮನೆಯವರೇ ಒತ್ತಾಯ ಮಾಡಿ ವಾಪಸ್ ಕಳಿಸಿದರು. ಸೆಮಿಫೈನಲ್‌ನಲ್ಲಿ ನೆದರ್ಲೆಂಡ್ಸ್ ಎದುರು ಪೆನಾಲ್ಟಿ ತನಕ ಹೋಯಿತು. ವಿಲ್ಫೋರ್ಟ್ ತಮ್ಮ ಸರದಿಯ ಪೆನಾಲ್ಟಿ ಹೊಡೆದರು. ಆಮೇಲೆ ಫೈನಲ್. ಜೂನ್ 26ರಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಉಲ್ಲೆವಿ ಮೈದಾನದಲ್ಲಿ, 78ನೇ ನಿಮಿಷದಲ್ಲಿ ಅವರು ಎಡಗಾಲಿನಿಂದ ಹೊಡೆದ ಚೆಂಡು ಕಂಬಕ್ಕೆ ತಗುಲಿ ಒಳಗೆ ಹೋಯಿತು. ನಮ್ಮ ಬೀದಿಯಲ್ಲಿ ಜನ ಚಮಚ ತಟ್ಟೆ ಹಿಡಿದು ಹೊರಗೆ ಬಂದರು. ಕೆಲವೇ ವಾರಗಳಲ್ಲಿ ಆ ಮಗು ತೀರಿಕೊಂಡಿತು.

ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಿಧಾನವಾಗುತ್ತೆ. ಆಗ ಪಕ್ಕದ ಮನೆಯ ಅಜ್ಜಿ ಪೇಪರ್ ಓದಿ ನನಗೆ ಬಿಡಿಸಿ ಹೇಳಿದ್ದರು.

ಆಮೇಲೂ ವಿಲ್ಫೋರ್ಟ್ ಆಟ ಬಿಡಲಿಲ್ಲ. 1986ರಲ್ಲಿ ಸೇರಿದ್ದ ಬ್ರೋಂಡ್‌ಬಿ ಕ್ಲಬ್ಬಿನಲ್ಲೇ 1998ರವರೆಗೆ ಆಡಿದರು. ಅದಕ್ಕೆ ಮೊದಲು ಕೋಪನ್‌ಹೇಗನ್‌ನ ಫ್ರೆಮ್ ಕ್ಲಬ್ಬಿನಲ್ಲಿದ್ದರು, ಫ್ರಾನ್ಸಿನ ಲೀಲ್‌ನಲ್ಲಿ ಒಂದು ಸೀಸನ್ ಆಡಿ ಬಂದಿದ್ದರು. ಬ್ರೋಂಡ್‌ಬಿಯಲ್ಲಿ ಏಳು ಸಲ ದೇಶದ ಚಾಂಪಿಯನ್, ಮೂರು ಸಲ ಕಪ್. ದೇಶಕ್ಕಾಗಿ 77 ಪಂದ್ಯ, 14 ಗೋಲು. 1991ರಲ್ಲಿ ಡೆನ್ಮಾರ್ಕ್‌ನ ವರ್ಷದ ಆಟಗಾರ. ಇಷ್ಟೆಲ್ಲ ಇದ್ದವರು ಆಟ ನಿಲ್ಲಿಸಿದ ಮೇಲೆ ಎಲ್ಲಿಗೆ ಹೋದರು ಹೇಳು? ಅದೇ ಕ್ಲಬ್ಬಿನ ಹುಡುಗರ ತಂಡದ ಹತ್ತಿರ. ಕಿರಿಯರಿಗೆ ಕೋಚ್ ಆದರು. ಮುಂದೆ ಎಳೆಯ ಆಟಗಾರರನ್ನು ಗುರುತಿಸಿ ಬೆಳೆಸುವ ವಿಭಾಗವನ್ನೇ ನೋಡಿಕೊಂಡರು. ಇಡೀ ದೇಶಕ್ಕೆ ಗೊತ್ತಿರುವ ಮನುಷ್ಯ. ಹುಡುಗರ ಜೊತೆ ಇರುವುದನ್ನು ಇಲ್ಲಿ ಯಾರೂ ಕೆಳಗಿಳಿದದ್ದು ಅಂತ ನೋಡಿದ್ದನ್ನು ನಾನು ಕಾಣೆ. ಮಕ್ಕಳ ಮೈದಾನವನ್ನು ಅವರು ಯಾಕೆ ಆರಿಸಿಕೊಂಡರು ಅಂತ ನಾನು ಹೇಳಲಾರೆ. ಆದರೆ ಒಂದು ದೊಡ್ಡ ಪಂದ್ಯದ ಹೊತ್ತಿಗೆ ಮಗುವಿನ ಪಕ್ಕ ಹೋಗಿ ಕೂತ ಮನುಷ್ಯ ಅವರು. ಅಂಥವರ ಕೈಗೆ ನನ್ನ ಮಗನನ್ನು ಕೊಡಲು ನಾನು ಎರಡು ಸಲ ಯೋಚಿಸುತ್ತಿರಲಿಲ್ಲ.

1992ರ ಆ ಡೆನ್ಮಾರ್ಕ್ ತಂಡದ ಕೋಚ್ ರಿಚರ್ಡ್ ಮೊಲ್ಲರ್ ನೀಲ್ಸನ್ ಅವರದೂ ನಿನ್ನಂಥದೇ ಕಥೆ. ಗಾಯದಿಂದ ಆಟ ನಿಂತಿತು. ದೇಶಕ್ಕೆ ಆಡಿದ್ದು ಬರೀ 2 ಪಂದ್ಯ. ಆಮೇಲೆ ಎಷ್ಟೋ ವರ್ಷ 21ರೊಳಗಿನ ಹುಡುಗರ ತಂಡದ ಜೊತೆ ದುಡಿದರು.

ಇನ್ನು ನನ್ನದೊಂದು ತಪ್ಪು ಹೇಳುತ್ತೇನೆ. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ಇಲ್ಲಿ ಮಕ್ಕಳ ಫುಟ್‌ಬಾಲ್ ನಡೆಯೋದೇ ಅಪ್ಪ ಅಮ್ಮಂದಿರಿಂದ. ಸಂಬಳ ಇಲ್ಲ. ಮಗನನ್ನು ಕ್ಲಬ್ಬಿಗೆ ಸೇರಿಸಿದ ಮೂರನೇ ವಾರಕ್ಕೇ ನನ್ನ ಕೈಗೂ ಚೆಂಡಿನ ಚೀಲ ಕೊಟ್ಟರು. ಒಂದು ಶನಿವಾರ ಗೆಲ್ಲಲೇಬೇಕು ಅನ್ನೋ ಹಠ ನನಗೆ ಬಂತು. ಸ್ವಲ್ಪ ನಿಧಾನ ಓಡುವ ಒಬ್ಬ ಹುಡುಗನನ್ನು ಇಡೀ ಪಂದ್ಯ ಹೊರಗೆ ಕೂರಿಸಿದೆ. ಗೆದ್ದೆವು. ಅವನು ಬೂಟಿನ ದಾರವನ್ನೂ ಬಿಚ್ಚದೆ ಕಾರು ಹತ್ತಿದ. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಅವನಿಗೆ ಎಂಟು ವರ್ಷ, ಪುಟ್ಟ. ಆ ಗೆಲುವಿನಿಂದ ಯಾರಿಗೆ ಏನು ಸಿಕ್ಕಿತು ಅಂತ ಈಗಲೂ ಕೇಳಿಕೊಳ್ಳುತ್ತೇನೆ.

ಆದ್ದರಿಂದ ಆ ಕೆಲಸವನ್ನು ಒಪ್ಪಿಕೋ. ಬೇರೆ ಒಳ್ಳೆಯದು ಸಿಗುವ ತನಕ ಇರಲಿ ಅಂತ ಮಾತ್ರ ಒಪ್ಪಿಕೊಳ್ಳಬೇಡ. ನೀನು ಅರೆಮನಸ್ಸಿನಿಂದ ನಿಂತಿದ್ದರೆ ಮಕ್ಕಳಿಗೆ ಐದೇ ನಿಮಿಷದಲ್ಲಿ ಗೊತ್ತಾಗಿಬಿಡುತ್ತೆ. ಮೊದಲ ದಿನವೇ ಎಲ್ಲರ ಹೆಸರು ಕಲಿ. ಪ್ರತಿ ಮಗುವಿಗೂ ಒಂದು ಚೆಂಡು ಸಿಗೋ ಹಾಗೆ ನೋಡಿಕೋ. ಸಾಲಿನಲ್ಲಿ ನಿಲ್ಲಿಸಿ ಕಾಯಿಸಬೇಡ. ಇಲ್ಲಿ ತೀರಾ ಚಿಕ್ಕವರನ್ನು ಮೂರು ಮೂರು ಜನ, ಐದು ಐದು ಜನ ಮಾಡಿ ಸಣ್ಣ ಅಂಗಳದಲ್ಲಿ ಆಡಿಸುತ್ತಾರೆ. ಆಮೇಲೆ ಎಂಟು ಜನರ ಆಟ. ಹನ್ನೊಂದು ಜನರ ಆಟ ಬರುವುದು ಇನ್ನೂ ದೊಡ್ಡವರಾದ ಮೇಲೆ. ಕಾರಣ ಸುಲಭ. ದೊಡ್ಡ ಮೈದಾನದಲ್ಲಿ ಜೋರಾಗಿರುವ ಇಬ್ಬರೇ ಆಡ್ತಾರೆ, ಉಳಿದವರು ಸುಮ್ನೆ ಓಡ್ತಾರೆ. ಸಣ್ಣ ಅಂಗಳದಲ್ಲಿ ಚೆಂಡು ಎಲ್ಲರ ಕಾಲಿಗೂ ಬರುತ್ತೆ. ಬೆಂಗಳೂರಿನ ನಿಮ್ಮ ಆಸ್ಟಿನ್ ಟೌನ್ ಓಣಿಗಳಲ್ಲಿ ನೀನು ಆಟ ಕಲಿತದ್ದೂ ಹಾಗೇ ಅಲ್ವಾ? ಎರಡು ಇಟ್ಟಿಗೆ ಇಟ್ಟು, ನಾಲ್ಕು ಜನ ಸೇರಿ.

ಪಕ್ಕದಲ್ಲಿ ನಿಂತು ಕೂಗುವ ಅಪ್ಪಂದಿರ ಜೊತೆ ಮೊದಲೇ ಮಾತಾಡಿಬಿಡು. ಅದು ಜಾಸ್ತಿ ಕಷ್ಟದ ಕೆಲಸ.

ಮಂಡಿ ನೋವಿನ ದುಃಖವನ್ನು ನುಂಗಿಕೊಂಡು ಓಡಾಡಬೇಡ. ಹದಿನೇಳು ವರ್ಷ ಆಡಿದ ಆಟ ಅದು. ಅಳು ಬಂದರೆ ಅಳು. ನಿಮ್ಮಪ್ಪನ ಮುಂದೆ ಆಗದಿದ್ದರೆ ನನಗೆ ಫೋನ್ ಮಾಡು. ಇಲ್ಲಿ ರಾತ್ರಿ ಹತ್ತಾದರೂ ಎದ್ದಿರುತ್ತೇನೆ.

ನಿನ್ನ ತಂಡದಲ್ಲಿ ನಿಧಾನ ಓಡುವ ಹುಡುಗನೋ ಹುಡುಗಿಯೋ ಒಬ್ಬರು ಇದ್ದೇ ಇರುತ್ತಾರೆ. ಮೊದಲ ಶನಿವಾರ ಅವರಿಗೆ ಎಷ್ಟು ಸಲ ಚೆಂಡು ಸಿಕ್ಕಿತು ಅಂತ ಎಣಿಸಿ ನನಗೆ ಬರೆ.

ಇತಿ,
ನಿನ್ನ ಮಾವ