ಕೊನೆಯ ದಿನಗಳ ನೋವಿಗೆ ತಾಲ್ಲೂಕಿನಲ್ಲೇ ಔಷಧ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ತಾಯಿಯವರು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಮನೆಯಲ್ಲೇ ತೀರಿಕೊಂಡರು. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಅದು ಲಿವರ್‌ಗೆ ಹರಡಿತ್ತು. ಇನ್ನು ಕಿಮೊಥೆರಪಿ ಕೊಟ್ಟರೆ ಪ್ರಯೋಜನಕ್ಕಿಂತ ಸಂಕಟವೇ ಹೆಚ್ಚು ಎಂದು ಬೆಂಗಳೂರಿನ ವೈದ್ಯರು ಬಿಡಿಸಿ ಹೇಳಿದಾಗ, ಹಾಗಾದರೆ ಮನೆಗೆ ಹೋಗೋಣ ಎಂದವರು ಅಮ್ಮನೇ. ಆ ತೀರ್ಮಾನದ ಬಗ್ಗೆ ನಮಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಮನೆಯಲ್ಲಿ ಕಳೆದ ಆ ಐದು ವಾರಗಳಲ್ಲಿ ನಾವು ಪಟ್ಟ ಒಂದು ಪಾಡು ಬೇರೆ ಯಾವ ಕುಟುಂಬಕ್ಕೂ ಬರಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ಹೊರಡುವಾಗ ವೈದ್ಯರು ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ಬರೆದುಕೊಟ್ಟು, ನೋವು ಬಂದ ಮೇಲೆ ಕೊಡುವುದಲ್ಲ, ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಡಬೇಕು ಎಂದು ಒತ್ತಿ ಹೇಳಿದ್ದರು. ಮಲಬದ್ಧತೆಗೆ ಜೊತೆಗೊಂದು ಔಷಧ, ನಡುರಾತ್ರಿ ಎಬ್ಬಿಸುವುದು ಬೇಡವೆಂದು ಮಲಗುವ ಮುಂಚೆ ಎರಡು ಪಟ್ಟು ಪ್ರಮಾಣ. ನನ್ನ ಹೆಂಡತಿ ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ಆರು, ಹತ್ತು, ಎರಡು, ಆರು, ಹತ್ತು ಎಂದು ಗೆರೆ ಹಾಕಿ, ಕೊಟ್ಟ ಪ್ರತಿ ಮಾತ್ರೆಗೂ ಗುರುತು ಮಾಡುತ್ತಿದ್ದಳು. ನೋಡಲು ಬಂದ ನೆಂಟರಲ್ಲಿ ಕೆಲವರು, ಇದನ್ನು ಕೊಟ್ಟರೆ ಚಟ ಹತ್ತುತ್ತದೆ, ಬೇಗ ಹೋಗಿಬಿಡುತ್ತಾರೆ ಎಂದು ಹೆದರಿಸಿದರು. ನಾವು ಕಂಡದ್ದೇ ಬೇರೆ. ಮೊದಲ ಎರಡು ದಿನ ಮಂಪರಿನಲ್ಲಿದ್ದ ಅಮ್ಮ ಮೂರನೆಯ ದಿನ ದಿಂಬಿಗೆ ಒರಗಿ ಕುಳಿತು ಎರಡು ಚಮಚ ಗಂಜಿ ತಿಳಿ ಕುಡಿದರು. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟಿದ್ದೀರಾ ಎಂದು ವಿಚಾರಿಸಿದರು, ಮದುವೆಯಾಗಿ ದೂರ ಹೋದ ತಂಗಿಯೊಡನೆ ಫೋನಿನಲ್ಲಿ ಅರ್ಧ ಗಂಟೆ ಮಾತನಾಡಿದರು. ನೋವು ಅವರನ್ನು ನಮ್ಮಿಂದ ಆಗಲೇ ಕಿತ್ತುಕೊಂಡಿತ್ತು. ಆ ಸಣ್ಣ ಮಾತ್ರೆ ಅವರನ್ನು ಕೆಲವು ವಾರಗಳ ಮಟ್ಟಿಗೆ ನಮಗೆ ಮರಳಿ ಕೊಟ್ಟಿತು.

ತೊಂದರೆ ಶುರುವಾದದ್ದು ಮಾತ್ರೆ ಮುಗಿಯುತ್ತಾ ಬಂದಾಗ. ನಮ್ಮ ತಾಲ್ಲೂಕಿನ ಯಾವ ಔಷಧದ ಅಂಗಡಿಯಲ್ಲೂ ಅದು ಇರಲಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲೂ ಇರಲಿಲ್ಲ. ಚೀಟಿ ನೋಡಿದ ಒಬ್ಬ ಅಂಗಡಿಯವರಂತೂ ಕಳ್ಳಮಾಲು ಕೇಳಿದವನನ್ನು ನೋಡುವಂತೆ ನನ್ನನ್ನು ನೋಡಿದರು. ನನ್ನ ತಮ್ಮ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋದ. ಮರುದಿನ ಹಿಂದಿರುಗುವಾಗ ಗಾಳಿಮಳೆಗೆ ರಸ್ತೆಗೆ ಮರ ಉರುಳಿ ಬಸ್ಸು ನಿಂತುಹೋಯಿತು. ಸಂಜೆ ಆರರ ಮಾತ್ರೆಯೇ ಕೊನೆಯದು. ರಾತ್ರಿ ಹತ್ತರಿಂದ ಬೆಳಗಿನ ಜಾವದವರೆಗೆ ಅಮ್ಮ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು, ಗೋಡೆಯ ಗಡಿಯಾರ ನೋಡುತ್ತಾ, ತಮ್ಮ ಬಂದನಾ ಎಂದು ಮಾತ್ರ ಕೇಳುತ್ತಿದ್ದರು. ಒದ್ದೆ ಹತ್ತಿಯಿಂದ ತುಟಿ ಒರೆಸುವುದು ಬಿಟ್ಟು ನಮ್ಮಿಂದ ಏನೂ ಆಗಲಿಲ್ಲ. ಅವರು ತೀರಿಕೊಂಡದ್ದು ಅದಾಗಿ ನಾಲ್ಕನೆಯ ದಿನ.

ಮಾರ್ಫಿನ್ ದುಬಾರಿ ಔಷಧವಲ್ಲ, ಅಪರೂಪದ್ದೂ ಅಲ್ಲ. ಅದರ ಮೂಲವಾದ ಅಫೀಮನ್ನು ಸರ್ಕಾರದ ಪರವಾನಗಿಯಲ್ಲೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಬೆಳೆಯುತ್ತಾರೆ. ಕ್ಯಾನ್ಸರ್ ನೋವಿಗೆ ಇದನ್ನು ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಮಾರ್ಗಸೂಚಿ ಕೊಟ್ಟಿದೆ. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳಲು ಹಿಂಜರಿಯುತ್ತಿದ್ದುದು ನಿಜ. ಆದರೆ 2014ರ ತಿದ್ದುಪಡಿ ಹಲವು ಪರವಾನಗಿಗಳ ಗೋಜನ್ನು ತಪ್ಪಿಸಿದೆ. ಇಂಥ ನೋವಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದ ವೈದ್ಯರಿರುವ ಆಸ್ಪತ್ರೆಗೆ ರಾಜ್ಯದ ಔಷಧ ನಿಯಂತ್ರಕರು ಮಾನ್ಯತೆ ಕೊಟ್ಟರೆ ಸಾಕು. ಹೀಗಿದ್ದೂ ತಾಲ್ಲೂಕು ಮಟ್ಟದಲ್ಲಿ ಆ ಮಾನ್ಯತೆ ಪಡೆಯುವ ಪ್ರಯತ್ನವೇ ಕಾಣದಿರುವುದು ನನಗೆ ಅರ್ಥವಾಗದ ಸಂಗತಿ. ನೆರೆಯ ಕೇರಳ 2008ರಲ್ಲೇ ಉಪಶಾಮಕ ಆರೈಕೆಗೆ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆಗೆ, ನೀತಿ ರೂಪಿಸಿ, ಸ್ಥಳೀಯ ಸಂಸ್ಥೆಗಳ ಮೂಲಕ ದಾದಿಯರನ್ನು ರೋಗಿಗಳ ಮನೆಗೇ ಕಳುಹಿಸುತ್ತಿದೆ. ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಆರೈಕೆ ಕೇಂದ್ರ 1999ರಿಂದ ಇಂಥ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಆದರೆ ಸ್ವಂತ ಮನೆಯಲ್ಲೇ ಕಣ್ಣು ಮುಚ್ಚಬೇಕೆನ್ನುವ ಮಲೆನಾಡಿನ ಮುದುಕಿಗೆ ಬೆಂಗಳೂರು ಬಹಳ ದೂರ.

ಘನತೆಯಿಂದ ಸಾಯುವ ಹಕ್ಕಿನ ಕುರಿತ ಸುಪ್ರೀಂ ಕೋರ್ಟಿನ ತೀರ್ಪನ್ನು ಜಾರಿಗೊಳಿಸಲು ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಅದು ಆಸ್ಪತ್ರೆಯಲ್ಲಿ ಯಂತ್ರಗಳ ಆಸರೆಯಲ್ಲಿ ಇರುವವರ ಕುರಿತಾದದ್ದು. ಯಂತ್ರವೇ ಇಲ್ಲದ ಮನೆಯ ನಡುಕೋಣೆಯಲ್ಲಿ ಮಲಗಿದವರ ಘನತೆ ಹತ್ತು ಗಂಟೆಯ ಮಾತ್ರೆ ಹತ್ತು ಗಂಟೆಗೆ ಸಿಗುವುದರಲ್ಲಿದೆ.

ಆದ್ದರಿಂದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕನಿಷ್ಠ ಒಬ್ಬ ವೈದ್ಯರಿಗೆ ಈ ತರಬೇತಿ ಕೊಡಿಸಿ, ಮಾರ್ಫಿನ್ ಮಾತ್ರೆಯ ದಾಸ್ತಾನು ಇಡಬೇಕೆಂದು ಆರೋಗ್ಯ ಇಲಾಖೆಯನ್ನು ಕೋರುತ್ತೇನೆ. ಅದಕ್ಕೆ ಸಮಯ ಬೇಕಾದರೆ, ಈಗ ಅದು ಯಾವ ಯಾವ ಆಸ್ಪತ್ರೆಗಳಲ್ಲಿ ಸಿಗುತ್ತದೆ ಎಂಬ ಪಟ್ಟಿಯನ್ನು ಫೋನ್ ನಂಬರಿನೊಂದಿಗೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಈ ವಾರವೇ ಅಂಟಿಸಬಹುದು. ಅಂಥದ್ದೊಂದು ಪಟ್ಟಿ ಇದ್ದಿದ್ದರೆ ತಮ್ಮ ಬಸ್ಸು ಹತ್ತುವ ಮೊದಲು ಅಕ್ಕಪಕ್ಕದ ಊರುಗಳಿಗೆ ಫೋನ್ ಮಾಡಿ ನೋಡುತ್ತಿದ್ದ.

ಇಂತಿ,
ಓದುಗ,
ಚಿಕ್ಕಮಗಳೂರು ಜಿಲ್ಲೆ