ಹೆಸರು ಕೇಳದೆ ಬಂದುಬಿಟ್ಟೆ ಅಕ್ಕಾ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ, ಹಸಿ ಕಸದಿಂದ ಗೊಬ್ಬರ ಮಾಡೋದನ್ನು ಕಲಿಸುವ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಸಿಕ್ಕಿದ ಅಕ್ಕನಿಗೆ ಈ ಮಾತು.

ಮನೆಯಲ್ಲಿ ಗೊಬ್ಬರ ಮಾಡೋದನ್ನು ಬಿಟ್ಟೇಬಿಡೋಣ ಅಂತ ಬಂದಿದ್ದೆ. ಬಾಲ್ಕನಿಯ ಡಬ್ಬದಲ್ಲಿ ಕೆಟ್ಟ ವಾಸನೆ, ಬಿಳಿ ಹುಳ. ಮನೆಯವರಿಗೆಲ್ಲ ಬೇಸರ. ಕವರ್‌ನಲ್ಲಿ ತಂದಿದ್ದ ಆ ಕಸವನ್ನು ನೀವು ಬರಿಗೈಯಲ್ಲೇ ಎತ್ತಿ ಹಿಂಡಿದಿರಿ. ಬೆರಳ ಸಂದಿಯಿಂದ ನೀರು ತೊಟತೊಟ ಇಳಿಯಿತು. "ಇದಕ್ಕೆ ಉಸಿರಾಡೋಕೆ ಜಾಗ ಇಲ್ಲಮ್ಮ, ಅಷ್ಟೇ" ಅಂದಿರಿ. ಹಸಿ ಕಸ ಎಷ್ಟೋ ಅಷ್ಟೇ ಒಣ ಎಲೆ ಹಾಕು, ಎರಡು ಮೂರು ದಿನಕ್ಕೊಮ್ಮೆ ಕೆದಕು, ಗೊಬ್ಬರ ಬೇಗ ಆಗಲಿ ಅಂತ ಹಾಕುವ ಹುಳಿ ಮಜ್ಜಿಗೆ ತೇವ ಆರುವ ತನಕ ಬೇಡ. ಇಷ್ಟು ಹೇಳಿ, ಒಂದು ಚೀಲ ಹೊಂಗೆ ಎಲೆಯನ್ನೂ ತುಂಬಿಕೊಟ್ಟಿರಿ. ಯಾರು ಮಾಡ್ತಾರೆ ಇಷ್ಟು, ಅಲ್ವಾ?

ವಾಸನೆ ವಾರದಲ್ಲೇ ಹೋಯಿತು. ಎರಡು ತಿಂಗಳಿಗೆ ಡಬ್ಬದ ತಳದಲ್ಲಿ ಕಪ್ಪು ಪುಡಿ, ಮೊದಲ ಮಳೆಯ ಮಣ್ಣಿನ ಘಮ. ಈಗ ಕಸದ ಗಾಡಿಗೆ ನಮ್ಮ ಹಸಿ ಕಸದ ಹಸಿರು ಬುಟ್ಟಿ ಹೋಗೋದೇ ಇಲ್ಲ. ಸ್ಯಾನಿಟರಿ ಕಸದ ಕೆಂಪು ಬುಟ್ಟಿ, ಒಣ ಕಸದ ಚೀಲ ಮಾತ್ರ.

ಸೊರಗಿದ್ದ ಕರಿಬೇವು ಚಿಗುರಿದೆ ಅಕ್ಕಾ. ಮೊದಲ ಕಟ್ಟು ನಿಮಗೇ. ಶನಿವಾರ ತರ್ತೀನಿ, ಅಲ್ಲೇ ಇರಿ.