ಸೋಮವಾರದಿಂದ 5 ಫ್ರೆಂಚ್ ಕ್ಯಾಥೆಟರ್: ಕ್ಯಾಥ್‌ಲ್ಯಾಬ್ (ಆಂಜಿಯೋಗ್ರಾಂ ಕೊಠಡಿ) ಗುಂಪಿಗೆ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಬರೀ ಆಂಜಿಯೋಗ್ರಾಂಗೆ ಬರುವವರಿಗೆ 6ರ ಬದಲು 5 ಫ್ರೆಂಚ್ ಕ್ಯಾಥೆಟರ್ (ಹೃದಯದ ನಾಳಕ್ಕೆ ಡೈ ಕೊಡುವ ಸಣ್ಣ ಕೊಳವೆ; ಫ್ರೆಂಚ್ ಅದರ ದಪ್ಪದ ಅಳತೆ). ಶೀತ್, ಅಂದರೆ ಕ್ಯಾಥೆಟರ್ ಒಳಹೋಗಲು ಮಣಿಕಟ್ಟಿನ ನಾಳಕ್ಕೆ ಮೊದಲು ಹಾಕುವ ಕೊಳವೆ ಕೂಡ 5ರದ್ದೇ. 6ರ ಶೀತ್ ಹಾಕಿ 5ರ ಕ್ಯಾಥೆಟರ್ ತೂರಿಸಿದರೆ ರೋಗಿಗೆ ಏನೂ ಲಾಭವಿಲ್ಲ.

3 ಫ್ರೆಂಚ್ ಅಂದರೆ 1 ಮಿ.ಮೀ. ಅಂದರೆ 6 ಎಂದರೆ 2 ಮಿ.ಮೀ., 5 ಎಂದರೆ ಸುಮಾರು 1.67. ಸಣ್ಣ ವ್ಯತ್ಯಾಸವೇ, ಆದರೆ ಡೈ (ಎಕ್ಸ್‌ರೇಯಲ್ಲಿ ನಾಳ ಕಾಣಿಸುವ ದ್ರವ) ತಳ್ಳುವ ಹೆಬ್ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ನಿಧಾನವಾಗಿ ತಳ್ಳಿದರೆ ಡೈ ರಕ್ತದ ಜೊತೆ ಬೆರೆತು ಗೆರೆಗೆರೆಯಾಗಿ, ಇಲ್ಲದ ಬ್ಲಾಕ್ ಇದ್ದಂತೆ ಕಾಣುತ್ತದೆ. ಡೈ 37 ಡಿಗ್ರಿಗೆ ಬೆಚ್ಚಗಿರಲಿ, ತೆಳುವಾಗಿ ಹರಿಯುತ್ತದೆ. ಸಿರಿಂಜ್ 10 ಎಂ.ಎಲ್.ನದು ಸಾಕು. ಪರದೆಯ ಮೇಲಿನ ಪ್ರೆಶರ್ ಅಲೆ ಚಪ್ಪಟೆಯಾದರೆ ಡೈ ಕೊಡಲೇಬೇಡಿ, ಮೊದಲು ಕ್ಯಾಥೆಟರ್ ತುದಿ ಹಿಂದಕ್ಕೆಳೆಯಿರಿ.

ಸಿಸ್ಟರ್‌ಗಳಿಗೆ: ಶೀತ್ ಸಣ್ಣದಾದಷ್ಟೂ ಮಣಿಕಟ್ಟಿನ ನಾಳ ಮುಚ್ಚಿಹೋಗುವುದು ಕಡಿಮೆ. ಆದರೆ ಶೀತ್ ತೆಗೆದ ಮೇಲೆ ಮಣಿಕಟ್ಟಿಗೆ ಕಟ್ಟುವ ಗಾಳಿ ತುಂಬುವ ಬ್ಯಾಂಡ್ ಬಿಗಿದು ಕಟ್ಟಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ರಕ್ತ ನಿಲ್ಲುವಷ್ಟೇ ಗಾಳಿ. ಆಕ್ಸಿಮೀಟರ್ ಹೆಬ್ಬೆರಳಿಗೆ ಹಾಕಿ, ಕಿರುಬೆರಳ ಕಡೆಯ ನಾಡಿ ಒತ್ತಿ ನೋಡಿ. ಆಕ್ಸಿಮೀಟರಿನ ಅಲೆ ಉಳಿದರೆ ಸರಿ, ಹೋದರೆ ಸ್ವಲ್ಪ ಗಾಳಿ ಬಿಡಿ.

ಸ್ಟೆಂಟ್ ಸಾಧ್ಯತೆ ಇರುವವರಿಗೆ ಮೊದಲಿನಂತೆ 6. ಅಳತೆ ಕೇಸ್‌ಶೀಟ್ ಮೇಲೆಯೇ ಬರೆಯಿರಿ.

5ರ ಸ್ಟಾಕ್ ಎಷ್ಟಿದೆ ಅಂತ ಸ್ಟೋರಿನವರು ಇವತ್ತೇ ತಿಳಿಸಿ. ಉಳಿದವರು ಓದಿದ ಮೇಲೆ 'ಸರಿ' ಅಂತ ಹಾಕಿ.